ಕೆಳಗಿಳಿಸುವ ಕೀಲಿ

ನಾನು ಒಂದು ಕೀಲಿ. ಕೀಬೋರ್ಡಿನ ಬಲಮೂಲೆಯಲ್ಲಿ, ಎಲ್ಲರಿಗಿಂತ ಕೆಳಗಿನ ಸಾಲಿನಲ್ಲಿ ಕೂತವನು. ನನಗೆ ಅಕ್ಷರವಿಲ್ಲ, ಅಂಕಿಯಿಲ್ಲ. ಬೆನ್ನ ಮೇಲೆ ಬಲಕ್ಕೆ ಮುಖ ಮಾಡಿದ ಒಂದು ಬಾಣ, ಅಷ್ಟೇ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿ ಹೊರಬಿದ್ದಾಗ ಕಲಿತದ್ದೂ ಒಂದೇ ಪಾಠ: ಒತ್ತಿದರೆ ಇಳಿ, ಬಿಟ್ಟರೆ ಏಳು.

ರೋಣದ ಬಸ್‌ಸ್ಟ್ಯಾಂಡಿನ ಹಿಂದೆ ಚಂಬಣ್ಣನ ಟೈಪಿಂಗ್ ಅಂಗಡಿಗೆ ಬಂದ ಮೇಲೆ ನನ್ನ ಬೆಲೆ ನನಗೆ ತಿಳಿಯಿತು. ಅಲ್ಲಿಗೆ ಟ್ಯೂಷನ್ ಮಾಸ್ತರರ ಗಣಿತದ ಪ್ರಶ್ನೆಪತ್ರಿಕೆಗಳು ಬರುತ್ತಿದ್ದವು. ಸೂತ್ರ ಬರೆಯುವ ಸಾಫ್ಟ್‌ವೇರಿನಲ್ಲಿ xನ ತಲೆಯ ಮೇಲೆ ಸಣ್ಣ 2 ಕೂರಿಸಲು ಕರ್ಸರ್ ಎಂಬ ಮಿನುಗುವ ಗೆರೆ ಮೇಲೆ ಹತ್ತುತ್ತದೆ. ಹತ್ತಿದ್ದು ತಾನಾಗಿ ಇಳಿಯುವುದಿಲ್ಲ. ನನ್ನನ್ನು ಒತ್ತಿ ಇಳಿಸಬೇಕು. ಇಲ್ಲದಿದ್ದರೆ ಮುಂದೆ ಬರುವುದೆಲ್ಲ ಆ 2ರ ಪಕ್ಕದಲ್ಲೇ ಕೂತು ಲೆಕ್ಕವೇ ಬೇರೆಯಾಗುತ್ತದೆ.

ಮೊದಲು ಟೈಪ್ ಮಾಡುತ್ತಿದ್ದ ದ್ಯಾಮಪ್ಪ ಒಮ್ಮೆ ನನ್ನನ್ನು ಒತ್ತಲು ಮರೆತ. ಆ ಲೆಕ್ಕ ಬಿಡಿಸಲಾಗದೆ ಮಕ್ಕಳು ಪರೀಕ್ಷೆಯಲ್ಲೇ ಅತ್ತರಂತೆ. ಮಾಸ್ತರರು ಬಂದು ಪತ್ರಿಕೆಯನ್ನು ಅವನ ಮುಖಕ್ಕೆ ಎಸೆದರು. ಅಚ್ಚಿಗೆ ಮೊದಲು ಓದಿ ನೋಡದ ಚಂಬಣ್ಣನನ್ನು ಯಾರೂ ಕೇಳಲಿಲ್ಲ. ದ್ಯಾಮಪ್ಪನನ್ನು ಅವನೇ ಹೊರಗೆ ಹಾಕಿದ. ಅಂದಿನಿಂದ ನನಗೆ ಹೆದರಿಕೆ ಹತ್ತಿತು.

ಆ ಕುರ್ಚಿಗೆ ನೀಲಗಂಗಾ ಬಂದಳು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಗದ್ದ ಮತ್ತು ಕನ್ನಡಕ. ಪರದೆಯನ್ನು ನಾನು ನೋಡುತ್ತಿದ್ದದ್ದು ಆ ಕನ್ನಡಕದ ಗಾಜಿನಲ್ಲೇ. ಒಮ್ಮೆ ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದಳು: "ಇದೂ ಕೈ ತಪ್ಪಿದ್ರ ಮತ್ತ ಖಾನಾವಳಿ ಒಲಿ ಮುಂದ ಕುಂಡ್ರೂದ ನೋಡಕ್ಕ."

ಒಂದು ದಿನ ಚಂಬಣ್ಣ ಮಾತಿನ ಭರದಲ್ಲಿ ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದ. ಅಂಗಿಯ ತೋಳಿನಿಂದ ಮೇಲೆಮೇಲೆ ಒರೆಸಿ ಎದ್ದುಹೋದ. ಸಕ್ಕರೆ ನನ್ನ ಸಂದಿಗೆ ಇಳಿದು ಅಂಟಾಯಿತು.

ಮರುದಿನವೇ ಪ್ರಶ್ನೆಪತ್ರಿಕೆಯ ಕೆಲಸ. ನೀಲಗಂಗಾ ಕೈಬರಹದ ಹಾಳೆಯ ಮೇಲೆ ಕಣ್ಣಿಟ್ಟು x ಹೊಡೆದಳು, 2 ಹತ್ತಿಸಿದಳು, ನನ್ನನ್ನು ಒತ್ತಿದಳು. ನಾನು ಅರ್ಧಕ್ಕೇ ಸಿಕ್ಕಿಕೊಂಡೆ. ಕರ್ಸರ್ ಇಳಿಯಲಿಲ್ಲ. ಅವಳು ನೋಡಲಿಲ್ಲ. ಕನ್ನಡಕದ ಗಾಜಿನಲ್ಲಿ ಅಂಕಿಗಳು ಮೇಲೆಯೇ ಸಾಲುಗಟ್ಟುತ್ತಿದ್ದವು. ಕೂಗಲು ನನಗೆ ಬಾಯಿ ಎಲ್ಲಿದೆ?

"ಮುಗೀತೇನವಾ ನೀಲವ್ವ?" ಎಂದ ಚಂಬಣ್ಣ. "ಮಾಸ್ತರು ಬಾಗಲದಾಗ ನಿಂತಾರ. ಮಾರಿ ಕೆಂಡ ಆಗೇತಿ."

"ಆತ್ರೀ ಅಣ್ಣಾರ, ಇದೊಂದ ಸಾಲು."

ಮತ್ತೊಂದು 2. ಅವಳ ಬೆರಳು ಮತ್ತೆ ನನ್ನ ಮೇಲೆ ಬಂತು. ಪ್ರತಿ ಸಲವೂ ನಾನು ಆ ಬೆರಳನ್ನು ಮೇಲಕ್ಕೆ ನೂಕುತ್ತಿದ್ದೆ. ಈ ಸಲ ನೂಕಲು ಆಗಲಿಲ್ಲ. ಬೆರಳು ಗಕ್ಕನೆ ನಿಂತಿತು. ಅವಳು ತಲೆಯೆತ್ತಿ ಪರದೆ ನೋಡಿದಳು.

"ಅಯ್ಯ ಶಿವನ, ಎಲ್ಲಾ ಮ್ಯಾಲ ಹೋಗಿ ಕುಂತಾವಲ್ಲ! ಅಣ್ಣಾರ, ಇದರಾಗ ಚಾ ಹೋಗೇತ್ರೀ. ಬಟನ್ ಏಳವಲ್ದು."

"ಒಂದ್ ಬಟನ್ ಸಲುವಾಗಿ ಏನ್ ದೊಡ್ಡ ರಗಳಿ? ಜೋರ್ ಒತ್ತು, ಏಳತೈತಿ."

ನೀಲಗಂಗಾ ಕೀಬೋರ್ಡಿನಿಂದ ಕೈ ತೆಗೆದು ಅವನ ಕಡೆ ತಿರುಗಿದಳು.

"ದ್ಯಾಮಪ್ಪನ್ನ ಹೊರಗ ಹಾಕಿದ್ದೂ ಒಂದ್ ಬಟನ್ ಸಲುವಾಗಿನ ಅಲ್ಲೇನ್ರೀ?"

ಬಾಗಿಲಲ್ಲಿದ್ದ ಮಾಸ್ತರರು ಚಂಬಣ್ಣನ ಕಡೆ ತಿರುಗಿದರು. ಅವಳು ತಲೆಯ ಪಿನ್ನು ತೆಗೆದು ನನ್ನನ್ನು ಮೀಟಿ ಕಿತ್ತಳು. ನನ್ನ ಒಂದು ಕಾಲು ಮುರಿಯಿತು. ನಾನಿದ್ದ ಕಡೆ ಪುಟ್ಟ ರಬ್ಬರಿನ ಮೊಳೆಯೊಂದು ಬರಿಮೈಯಲ್ಲಿ ನಿಂತಿತ್ತು. ಅದನ್ನು ಒರೆಸಿ ಒತ್ತಿದಳು. ಕರ್ಸರ್ ಇಳಿಯಿತು! ಸಾಲುಗಳನ್ನೆಲ್ಲ ಅಳಿಸಿ ಮತ್ತೆ ಹೊಡೆದಳು. ಪತ್ರಿಕೆ ಸರಿಯಾಗಿ ಹೋಯಿತು. ಅವಳ ಕುರ್ಚಿ ಉಳಿಯಿತು.

ಈಗ ನಾನು ಮೇಜಿನ ಡ್ರಾಯರಿನಲ್ಲಿ ತುಕ್ಕು ಹಿಡಿದ ಪಿನ್ನುಗಳ ಜೊತೆ ಬಿದ್ದಿದ್ದೇನೆ. ಚಂಬಣ್ಣ ಹೊಸ ಕೀಬೋರ್ಡ್ ತಂದಿಲ್ಲ; ಈಗಲೂ ಹಳೆಯದರ ಪಕ್ಕದಲ್ಲೇ ಚಹಾದ ಲೋಟ ಇಡುತ್ತಾನೆ. ಇಳಿಸುತ್ತಿದ್ದವನು ನಾನೇ ಎಂದುಕೊಂಡಿದ್ದೆ. ಇಳಿಸುತ್ತಿದ್ದದ್ದು ಆ ರಬ್ಬರಿನ ಮೊಳೆ; ನಾನು ಬರೀ ಮುಚ್ಚಳವಾಗಿದ್ದೆ. ಆ ಮೊಳೆಗೆ ಈಗ ಮುಚ್ಚಳವೂ ಇಲ್ಲ. ಮೇಲೆ ಲೋಟದ ಸದ್ದಾದಾಗಲೆಲ್ಲ ನನ್ನ ಜೀವ ಹಾರುತ್ತದೆ. ನೀಲಗಂಗಾಳ ಟೈಪಿಂಗ್ ನಿಲ್ಲುತ್ತದೆ. ಆಮೇಲೆ ರಬ್ಬರಿನ ಮೇಲೆ ಅವಳ ಬೆರಳು ಮೆತ್ತಗೆ ಕೂರುವುದು ಕೇಳುತ್ತದೆ.

ಇಳಿಯಿತು. ಈ ಸಲಕ್ಕೆ ಇಳಿಯಿತು.