ಸವೆಯದ ಆಟ

ಕೀನ್ಯಾದ ಕಿಸುಮು ಪಟ್ಟಣದ ಮನ್ಯಾಟ್ಟ ಕೇರಿಯಲ್ಲಿ ಅಕೇಯೋ ನಡೆಸುತ್ತಿದ್ದ ವಿಡಿಯೋ ಗೇಮ್ ಅಂಗಡಿಯಲ್ಲಿ ಇದ್ದದ್ದು ಒಂದು ಟಿ.ವಿ., ಒಂದು ಮೆಷಿನ್, ಒಂದೇ ಒಂದು ಫುಟ್‌ಬಾಲ್ ಆಟ. ಎಲ್ಲವನ್ನೂ ತಂದಿಟ್ಟವನು ಗಂಡ ಒಡೆರೋ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಅವಳಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಉಗಾಲಿ ಮುದ್ದೆ ಬೇಯುತ್ತಿದ್ದದ್ದು ಈ ಅಂಗಡಿಯಿಂದಲೇ. ವರ್ಷಕ್ಕೊಂದು ಹೊಸ ಆಟ ಬರುತ್ತದೆ, ಪಕ್ಕದ ಬೀದಿಯ ಅಂಗಡಿಯವರು ಬಂದದ್ದನ್ನೆಲ್ಲ ಕೊಂಡು ಕೈ ಸುಟ್ಟುಕೊಳ್ಳುತ್ತಾರೆ. ಅಕೇಯೋ ಹಾಸಿಗೆ ಇದ್ದಷ್ಟೇ ಕಾಲು ಚಾಚುವವಳು.

“ಚೆಂಡು ಅದೇ, ಒದೆಯೋದೂ ಅದೇ. ಸಾವಿರ ಸಲ ಆಡಿದ್ರೂ ಸವೆಯಲ್ಲ ಇದು. ಹೊಸದ್ಯಾಕೆ?” ಎನ್ನುತ್ತಿದ್ದಳು.

ಆಟ ಸವೆಯಲಿಲ್ಲ, ಗಿರಾಕಿಗಳು ಸವೆದರು. ಅಲ್ಲಿನ ಕಟ್ಟಳೆಯೆಂದರೆ ಸೋತವನು ಇಬ್ಬರ ದುಡ್ಡೂ ಕೊಡಬೇಕು, ಗೆದ್ದವನು ಕೂತಲ್ಲೇ ಕೂತಿರಬಹುದು. ಒಡೆರೋನ ತಮ್ಮ ಒಬುಯಾ ಕೆಲಸವಿಲ್ಲದವನು, ಆ ಒಂದೇ ಆಟವನ್ನು ಅರೆದು ಕುಡಿದಿದ್ದ. ಬೆಳಿಗ್ಗೆ ಕೂತರೆ ಬಾಗಿಲು ಹಾಕುವವರೆಗೂ ಏಳುತ್ತಿರಲಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತ್ತು. ಏಳು ಅನ್ನೋಣವೆಂದರೆ ಸತ್ತ ಗಂಡನ ತಮ್ಮ. ಹಾಗೆಂದ ಸೊಸೆಗೆ ಕುಲದಲ್ಲಿ ಮುಖ ಉಳಿಯುವುದಿಲ್ಲ.

“ಅಮ್ಮಾ, ನಾವು ಆಡೋಕೆ ಬರ್ತೀವಾ, ನಿನ್ ಮೈದುನಂಗೆ ಕಪ್ಪ ಕಟ್ಟೋಕೆ ಬರ್ತೀವಾ?” ಎಂದು ಬೈಕ್ ಟ್ಯಾಕ್ಸಿಯವನೊಬ್ಬ ಎದ್ದು ಹೋದ. ಅವನ ಹಿಂದೆ ಉಳಿದವರೂ ಹೋದರು.

ಅಕೇಯೋ ಮಗಳ ಯೂನಿಫಾರ್ಮಿಗೆ ಎತ್ತಿಟ್ಟ ದುಡ್ಡಿನಲ್ಲಿ ಹೊಸ ಆಟ ತಂದಳು. ಹೊಸ ಆಟದಲ್ಲಿ ಎಲ್ಲರೂ ಎಳಸುಗಳೇ. ಒಬುಯಾನೂ ಸೋಲುತ್ತಾನೆ, ಜೇಬಿನಲ್ಲಿ ಕಾಸಿಲ್ಲದವನು ತಾನಾಗಿ ಏಳುತ್ತಾನೆ ಎಂಬುದು ಅವಳ ಲೆಕ್ಕಾಚಾರ.

ಸುದ್ದಿ ಕೇಳಿ ಗಿರಾಕಿಗಳು ಮರಳಿದರು. ಒಬುಯಾ ಸೋತ. ಮತ್ತೆ ಸೋತ.

“ಬಿಚ್ಚು ದುಡ್ಡು, ಮಹಾರಾಜ!” ಎಂದು ಎಲ್ಲರೂ ಕುಣಿದರು.

“ಅತ್ತಿಗೆ, ಹಳೇದು ಹಾಕು.”

“ಹಳೇದು ಕೊಟ್ಬಿಟ್ಟೆ. ಸೋತೋರು ದುಡ್ಡು ಕೊಡ್ಬೇಕಪ್ಪಾ ಒಬುಯಾ.”

ಅವನು ಎದ್ದು ಹೋದ. ಅಕೇಯೋಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು? ಆ ವಾರವೆಲ್ಲ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳಿಗೆ ಇಡೀ ಮೀನು ಹುರಿದು ಬಡಿಸಿದಳು.

ಭಾನುವಾರ ಒಬುಯಾ ದಾಯಾದಿಗಳಿಬ್ಬರನ್ನು ಕರೆದುಕೊಂಡು ಕೈಗಾಡಿ ತಳ್ಳಿಕೊಂಡು ಬಂದ.

“ಇದು ಅಣ್ಣನ ದುಡ್ಡಲ್ಲಿ ತಂದ ಮೆಷಿನ್ನು. ಮನೆತನದ ಸೊತ್ತು.”

“ಮಕ್ಕಳ ಹೊಟ್ಟೆ ಮೇಲೆ ಹೊಡೀಬೇಡ ಕಣೋ!”

“ಇಷ್ಟು ದಿನ ಕೇಳಿದ್ನಾ? ಕೂರೋಕೆ ಒಂದು ಜಾಗ ಇತ್ತು, ಸುಮ್ನಿದ್ದೆ.”

ಅಕೇಯೋಗೆ ಆಗ ತಿಳಿಯಿತು. ಅವನ ಬಿಟ್ಟಿ ಆಟವನ್ನು ನಷ್ಟವೆಂದು ಎಣಿಸಿದ್ದಳು. ಅದು ತನ್ನ ಅಂಗಡಿಗೆ ತಾನೇ ಕಟ್ಟುತ್ತಿದ್ದ ಬಾಡಿಗೆಯಾಗಿತ್ತು. ಗಿರಾಕಿಗಳ ಮುಖ ನೋಡಿದಳು. ಕುಲದ ಜಗಳಕ್ಕೆ ಯಾರು ಬಾಯಿ ಹಾಕುತ್ತಾರೆ?

ಒಬುಯಾ ಟಿ.ವಿ. ಗಾಡಿಗೇರಿಸಿದ. ಮೆಷಿನ್ನಿನ ವೈರು ಕೀಳುವ ಮೊದಲು ಗುಂಡಿ ಒತ್ತಿ ಹೊಸ ಆಟದ ಡಿಸ್ಕ್ ಹೊರತೆಗೆದು ಅತ್ತಿಗೆಯ ಅಂಗೈಯಲ್ಲಿಟ್ಟ.

“ಇದು ನಿಂದು. ನಿನ್ ದುಡ್ಡಲ್ಲಿ ತಂದಿದ್ದು, ನಾನು ಮುಟ್ಟಲ್ಲ.”

ಗಿರಾಕಿಗಳು ಗಾಡಿಗೆ ದಾರಿ ಬಿಟ್ಟು, ಪಕ್ಕದ ಬೀದಿಯ ಕಡೆ ನಡೆದರು. ಅದೇ ಹೊಸ ಆಟ ಅಲ್ಲೂ ಇತ್ತು.