ಇಪ್ಪತ್ತೆರಡು ಗುಂಡಿಗಳ ಮೆಷಿನ್ನು

ವಾಷಿಂಗ್ ಮೆಷಿನ್ ತಯಾರಿಸುವ ಕಾರ್ಖಾನೆಯಲ್ಲಿ ತಂಗಿಗೆ ಕೆಲಸ. ಮೆಷಿನ್ನಿನ ಹೊಟ್ಟೆಯೊಳಗೆ ಏನಿರಬೇಕು ಎಂಬುದು ಬೇರೆಯವರ ಪಾಡು, ಮುಖ ಹೇಗಿರಬೇಕು ಎಂಬುದು ಇವಳ ಪಾಡು. ಯಾವ ಗುಂಡಿ ಎಲ್ಲಿ ಕೂರಬೇಕು, ಪಕ್ಕದಲ್ಲಿ ಯಾವ ಚಿತ್ರ ಬರಬೇಕು, ಒತ್ತಿದರೆ ಎಂಥ ಸದ್ದು ಕೇಳಬೇಕು ಎಂದು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದಳು. ಇಪ್ಪತ್ತೆರಡು ಗುಂಡಿಗಳ ಆ ಮೆಷಿನ್ ಕೊನೆಗೂ ಕಾರ್ಖಾನೆಯಿಂದ ಹೊರಬಿದ್ದಾಗ, ಮೊದಲು ಬಂದವುಗಳಲ್ಲೇ ಒಂದನ್ನು ಕೊಂಡು ಅಕ್ಕನ ಮನೆಗೆ ಕಳಿಸಿದಳು. ಅಮ್ಮ ತೀರಿಕೊಂಡ ಮೇಲೆ ಇವಳ ತಲೆ ಬಾಚಿ, ಜಡೆ ಹಾಕಿ, ಬೈದು, ಮುದ್ದು ಮಾಡಿ ಓದಿಸಿದವಳು ಅಕ್ಕನೇ. ಅವಳಿಗಲ್ಲದೆ ಇನ್ಯಾರಿಗೆ ಕಳಿಸುವುದು?

"ಹೇಗಿದೆ ಅಕ್ಕಾ?" ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ, "ಬಹಳ ಚೆನ್ನಾಗಿದೆ ಕಣೇ ಪುಟ್ಟಿ" ಎಂಬ ಉತ್ತರ ಬರುತ್ತಿತ್ತು. ಆರು ತಿಂಗಳು ಕಳೆದ ಮೇಲೆ ನಾಲ್ಕು ದಿನ ರಜೆ ಸಿಕ್ಕಿತು. ಮುಂಚೆ ತಿಳಿಸದೆ ಹೋಗಿ ಬೆರಗುಗೊಳಿಸೋಣ ಎಂದು ತಂಗಿ ಬಸ್ಸು ಹತ್ತಿದಳು.

ಬಾಗಿಲು ತೆರೆದವನು ಭಾವ. ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು, ಬೆಳಗಿನ ಜಾವ ನಾಲ್ಕಕ್ಕೇ ಕೆಲಸಕ್ಕೆ ಹೋಗಿ ಮಧ್ಯಾಹ್ನ ಬಂದು ಮಲಗುವವನು. ನಿದ್ದೆಗಣ್ಣಿನಲ್ಲೇ ಅವಳನ್ನು ನೋಡಿ, "ಅಯ್ಯೋ, ನೀನಾ!" ಎಂದು ನಕ್ಕ. ಮರುಕ್ಷಣವೇ ಅವನ ಮುಖ ಸಣ್ಣಗಾಯಿತು. "ಕೈಕಾಲು ತೊಳ್ಕೊಬೇಕಾ? ಅಡುಗೆಮನೇಲೇ ತೊಳ್ಕೋ. ಬಚ್ಚಲಲ್ಲಿ... ಸ್ವಲ್ಪ ಜಾರತ್ತೆ."

ಆ 'ಸ್ವಲ್ಪ ಜಾರತ್ತೆ' ಎಂಬ ಮಾತಿನಲ್ಲಿ ಏನೋ ಇತ್ತು. ತಂಗಿ ನೆಟ್ಟಗೆ ಬಚ್ಚಲಿಗೇ ಹೋದಳು. ಮೆಷಿನ್ ಮೂಲೆಯಲ್ಲಿ ನಿಂತಿತ್ತು. ಆದರೆ ಅದರ ಮುಖವೇ ಇರಲಿಲ್ಲ. ಈ ಕೊನೆಯಿಂದ ಆ ಕೊನೆಯವರೆಗೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿದ್ದರು. ಅದೂ ಹೇಗೆಂದರೆ ಹಾಗಲ್ಲ: ಗುಂಡಿಗಳು ಅದುಮಿಹೋಗದಂತೆ ಪ್ಲಾಸ್ಟರಿನಡಿ ಹತ್ತಿ ಇಟ್ಟು, ಅಂಚುಗಳನ್ನು ನೀಟಾಗಿ ಕತ್ತರಿಸಿ, ಎಲ್ಲೂ ಒಂದು ಸುಕ್ಕಿಲ್ಲದಂತೆ. ನಡುವೆ ಎರಡು ಪುಟ್ಟ ಕಿಟಕಿ ಕೊಯ್ದಿದ್ದರು. ಒಂದರಲ್ಲಿ ಕರೆಂಟಿನ ಗುಂಡಿ, ಇನ್ನೊಂದರಲ್ಲಿ ಶುರು ಮಾಡುವ ಗುಂಡಿ. ಉಳಿದ ಇಪ್ಪತ್ತೂ ಬ್ಯಾಂಡೇಜಿನಡಿ ಮಲಗಿದ್ದವು.

ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಹದಿನೆಂಟು ವರ್ಷದಿಂದ ಇದೇ ಕೈಚಳಕದಲ್ಲಿ ಗಾಯ ಕಟ್ಟಿದವಳು. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ.

ನಾಲ್ಕು ಗಂಟೆಗೆ ಅಕ್ಕ ಡ್ಯೂಟಿ ಮುಗಿಸಿ ಬಂದಳು. ತಂಗಿಯನ್ನು ನೋಡಿ ಚೀಲ ಅಲ್ಲೇ ಬಿಟ್ಟು ತಬ್ಬಿಕೊಂಡಳು. ತಂಗಿ ತಿರುಗಿ ತಬ್ಬಲಿಲ್ಲ. ಅಕ್ಕ ಗಂಡನ ಮುಖ ನೋಡಿದಳು. ಅವನು ಬಚ್ಚಲಿನ ಕಡೆ ಕಣ್ಣು ತೋರಿಸಿದ.

"ನೋಡ್ಬಿಟ್ಯಾ," ಎಂದಳು ಅಕ್ಕ.

"ಚೆನ್ನಾಗಿದೆ, ಬಹಳ ಚೆನ್ನಾಗಿದೆ ಅಂತ ಆರು ತಿಂಗಳಿಂದ ಸುಳ್ಳು ಹೇಳ್ಕೊಂಡು ಬಂದ್ಯಲ್ಲ!"

"ಸುಳ್ಳಲ್ಲ ಕಣೇ. ಎರಡು ಗುಂಡಿ ಬಹಳ ಚೆನ್ನಾಗಿವೆ."

ಅಕ್ಕ ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ ಒಂದೊಂದೇ ಹೇಳಿದಳು. ಒಂದು ದಿನ ಬಟ್ಟೆ ತುಂಬುವಾಗ ಮೊಣಕೈ ಎಲ್ಲೋ ತಗುಲಿ ಮೆಷಿನ್ನು ಬಾಗಿಲು ಬೀಗ ಹಾಕಿಕೊಂಡು ಮೂರು ಗಂಟೆ ತೆರೆಯಲೇ ಇಲ್ಲವಂತೆ. ಇನ್ನೊಂದು ದಿನ ಮೈಮೇಲೆ ದೆವ್ವ ಬಂದ ಹಾಗೆ ಕೂಗಿಕೊಂಡಿತಂತೆ. "ಗರಿ ಚಿತ್ರ ಇದ್ಯಲ್ಲ, ಅದನ್ನ ನಾನು ದಿಂಬು ಒಗೆಯೋಕೆ ಅಂದ್ಕೊಂಡಿದ್ದೆ."

"ಚಂದ್ರನ ಚಿತ್ರ ನನಗೇ ಅಂತ ಮಾಡಿರೋದು ಅಂದ್ಕೊಂಡಿದ್ದೆ ನಾನು," ಎಂದ ಭಾವ. "ರಾತ್ರಿ ಎದ್ದು ಹೋಗೋರ ಬಟ್ಟೆಗೆ. ಕೊನೆಗೆ ಇವಳು ಸುಸ್ತಾಗಿ ಒಂದು ದಿನ ನಲವತ್ತು ನಿಮಿಷದ್ದು ಯಾವುದೋ ಸಿಕ್ಕಾಗ ಅದನ್ನೇ ಇಟ್ಟು, ಮೇಲೆ ಬ್ಯಾಂಡೇಜ್ ಸುತ್ತಿಬಿಟ್ಟಳು. ಅಲ್ಲಮ್ಮಾ, ನಿನ್ನ ಮೆಷಿನ್ನಿನ ಗುಂಡಿ ಒತ್ತೋಕೆ ಗುಂಡಿಗೆ ಬೇಕು!"

ಗಂಡ ಹೆಂಡತಿ ಇಬ್ಬರೂ ನಕ್ಕರು. ತಂಗಿಯೂ ನಗಹೊರಟು ಅರ್ಧಕ್ಕೇ ನಿಲ್ಲಿಸಿದಳು. ಗರಿ ಎಂದರೆ ನಯವಾದ ಬಟ್ಟೆಗೆ, ಚಂದ್ರ ಎಂದರೆ ಸದ್ದಿಲ್ಲದೆ ಒಗೆಯುವುದಕ್ಕೆ. ಗರಿಯ ಚಿತ್ರವೊಂದನ್ನೇ ಹನ್ನೆರಡು ಸಲ ತಿದ್ದಿದ್ದಳು.

ಸಂಜೆ ಅಕ್ಕ ಅಡುಗೆಗೆ ನಿಂತಾಗ ತಂಗಿ ಸದ್ದಿಲ್ಲದೆ ಬಚ್ಚಲಿಗೆ ಹೋಗಿ ಪ್ಲಾಸ್ಟರಿನ ಒಂದು ತುದಿ ಎತ್ತಿದಳು. ನಾಳೆ ಬೆಳಿಗ್ಗೆ ಆರಕ್ಕೆ ಅಕ್ಕನ ಡ್ಯೂಟಿ, ಹಾಕಿಕೊಳ್ಳಬೇಕಾದ ಯೂನಿಫಾರ್ಮ್ ಬುಟ್ಟಿಯಲ್ಲಿದೆ. ಇದರಲ್ಲಿ ಏನೆಲ್ಲ ಇದೆ ಎಂದು ಅವಳಿಗೂ ತಿಳಿಯಲಿ! ಅದನ್ನು ಒಳಗೆ ಹಾಕಿ ಗರಿ ಒತ್ತಿದಳು, ಸುಕ್ಕು ಬೀಳದಿರುವುದನ್ನು ಒತ್ತಿದಳು, ನೀರು ಉಳಿಸುವುದನ್ನೂ ಒತ್ತಿದಳು. ಮೆಷಿನ್ನು ಅವಳು ಕಲಿಸಿದ ಇಂಪಾದ ದನಿಯಲ್ಲಿ ಹೂಂಗುಟ್ಟಿ ಕೆಲಸ ಶುರುಮಾಡಿತು. ಸಮಾಧಾನದಿಂದ ಊಟ ಮಾಡಿ ಮಲಗಿದಳು.

ಬೆಳಿಗ್ಗೆ ಇಸ್ತ್ರಿಯ ಚುಸ್ ಚುಸ್ ಸದ್ದಿಗೆ ಎಚ್ಚರವಾಯಿತು. ಅಕ್ಕ ಮೇಜಿನ ಮುಂದೆ ನಿಂತಿದ್ದಳು. ಯೂನಿಫಾರ್ಮಿನಿಂದ ಹಬೆ ಏಳುತ್ತಿತ್ತು, ತೋಳಿನ ತುದಿಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ತಂಗಿ ಹೊದಿಕೆ ಸರಿಸಿ ದಡಕ್ಕನೆ ಎದ್ದಳು. ಸುಕ್ಕು ಬೀಳಬಾರದೆಂದು ಒತ್ತಿದರೆ ಮೆಷಿನ್ನು ಕೊನೆಯಲ್ಲಿ ಬಟ್ಟೆ ಹಿಂಡುವುದಿಲ್ಲ. ಅದನ್ನು ಹಾಗೆ ಮಾಡಿದವಳೇ ಇವಳು, ಮರೆತವಳೂ ಇವಳೇ.

"ಅಕ್ಕಾ, ನಾನು..."

"ಇರಲಿ ಬಿಡೇ. ಬಿಸಿಲಲ್ಲಿ ನಡ್ಕೊಂಡು ಹೋದ್ರೆ ಒಣಗತ್ತೆ."

ಹೊರಗೆ ಇನ್ನೂ ಬಿಸಿಲೇ ಹುಟ್ಟಿರಲಿಲ್ಲ. ಒದ್ದೆ ಬಟ್ಟೆ ತೊಟ್ಟೇ ಅಕ್ಕ ಹೊರಟುಹೋದಳು. ಬೈದಿದ್ದರೆ ಇವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ದಿನವೆಲ್ಲ ತಂಗಿಯ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಮಧ್ಯಾಹ್ನ ಭಾವ ಹಿಟ್ಟು ಮೆತ್ತಿದ ಏಪ್ರನ್ ಕಳಚಿ ಬಕೆಟ್ಟಿಗೆ ಹಾಕಿದ. ಸಂಜೆ ಅಕ್ಕ ಸೀನುತ್ತಾ ಬಂದಳು. ಬಂದವಳೇ ಬಿಸಿನೀರು ಕಾಯಿಸಿ ಬಕೆಟ್ಟಿಗೆ ಸುರಿದು, ಬಚ್ಚಲಿನ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಬ್ರಶ್ಶಿನಿಂದ ಏಪ್ರನ್ ತಿಕ್ಕತೊಡಗಿದಳು. ಹಿಟ್ಟು ಗೋಂದಿನ ಹಾಗೆ ಹಿಡಿದುಕೊಂಡಿತ್ತು. ಅಕ್ಕನ ಬೆರಳುಗಳು ಕೆಂಪಗಾಗಿದ್ದವು.

"ಇದೇನು ದಿನಾ ಹೀಗೇ ಮಾಡ್ತೀಯಾ?"

"ಮತ್ತೆ? ನಿನ್ನ ಮೆಷಿನ್ನಿಗೆ ಇದು ಜಗ್ಗಲ್ಲ. ಮೊದಲು ತಿಕ್ಕಿ ಆಮೇಲೆ ಹಾಕಬೇಕು."

"ಬಿಸಿನೀರು ಯಾಕೆ ಹಾಕ್ತೀಯಾ ಅಕ್ಕಾ? ಬಿಸಿ ತಾಗಿದ್ರೆ ಹಿಟ್ಟು ಬೇಯತ್ತೆ, ಅಂಟಾಗತ್ತೆ. ತಣ್ಣೀರಲ್ಲಿ ನೆನೆಯಬೇಕು."

"ಹೌದಲ್ಲ!" ಎಂದ ಬಾಗಿಲಲ್ಲಿ ನಿಂತ ಭಾವ. "ಬೇಕರೀಲಿ ಪಾತ್ರೆಗಳನ್ನ ನಾವೂ ತಣ್ಣೀರಲ್ಲೇ ನೆನೆ ಹಾಕೋದು. ಮನೇಲಿ ಯಾಕೆ ಹೊಳೀಲಿಲ್ಲ?"

"ಹದಿನೈದು ವರ್ಷದಿಂದ ನಾನು ತಿಕ್ತಾ ಇದೀನಿ, ಇವತ್ತು ಹೊಳೀತು ಇವರಿಗೆ!" ಎಂದು ಅಕ್ಕ ಬ್ರಶ್ಶನ್ನು ಅವನ ಕಡೆ ಬೀಸಿದಳು.

ತಣ್ಣೀರಿನಲ್ಲಿ ನೆನೆಸುವ ಗುಂಡಿ ಬ್ಯಾಂಡೇಜಿನ ಕೆಳಗಿತ್ತು. ಎಡದಿಂದ ಐದನೆಯದು. ತಂಗಿ ಈ ಸಲ ಕೈ ಹಾಕಲಿಲ್ಲ, ಅಕ್ಕನನ್ನೇ ಕೇಳಿದಳು. ಅಕ್ಕ ಒಂದು ಗಳಿಗೆ ಯೋಚಿಸಿ, ಆಸ್ಪತ್ರೆಯ ಸಣ್ಣ ಕತ್ತರಿ ತಂದು, ಅಳತೆ ನೋಡಿ ಮೂರನೆಯ ಕಿಟಕಿ ಕೊಯ್ದಳು. ಏಪ್ರನ್ ಒಳಗೆ ಹೋಯಿತು. ಒಂದೂವರೆ ಗಂಟೆಯ ಮೇಲೆ ಹೊರಬಂದಾಗ ಹಿಟ್ಟಿನ ಗುರುತೇ ಇರಲಿಲ್ಲ.

ಅಷ್ಟು ಹೊತ್ತು ಅಕ್ಕನಿಗೆ ಮಾಡಲು ಕೆಲಸವೇ ಇರಲಿಲ್ಲ. ತಂಗಿಯ ಪಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಳು. ಕೂತವಳು ಹಾಗೇ ಅವಳ ಭುಜಕ್ಕೆ ಒರಗಿ ನಿದ್ದೆ ಹೋದಳು. ಬಾಯಿ ತುಸು ತೆರೆದಿತ್ತು, ಸೀನಿ ಸೀನಿ ಮೂಗು ಕೆಂಪಾಗಿತ್ತು. ಅಕ್ಕನಿಗೆ ನಿದ್ದೆ ಕೆಡುತ್ತದೆಂದು ತಂಗಿ ಭುಜ ಜೋಮು ಹಿಡಿದರೂ ಅಲುಗಾಡಲಿಲ್ಲ. ಈ ಆರು ತಿಂಗಳಲ್ಲಿ ಅಕ್ಕ ಒಂದೇ ಒಂದು ಸಲ "ಆಗ್ತಿಲ್ಲ ಕಣೇ" ಎನ್ನಲಿಲ್ಲವಲ್ಲ, ತನ್ನ ಮನಸ್ಸು ನೋಯುತ್ತದೆಂದು ಸುಮ್ಮನಿದ್ದಳಲ್ಲ ಎಂದು ನೆನೆದು ಕಣ್ಣು ತುಂಬಿ ಬಂತು.

ರಜೆ ಮುಗಿಸಿ ಹೋದವಳೇ ಮೂರು ಗುಂಡಿಗಳ ಮೆಷಿನ್ನಿನ ಚಿತ್ರ ಬರೆದು ಮೇಲಧಿಕಾರಿಯ ಮುಂದಿಟ್ಟಳು. ದಿನದ ಬಟ್ಟೆಗೊಂದು, ತಣ್ಣೀರಿನಲ್ಲಿ ನೆನೆಸುವುದಕ್ಕೊಂದು, ಶುರು ಮಾಡುವುದಕ್ಕೊಂದು. ಅವರು ಕನ್ನಡಕ ಹಣೆಗೇರಿಸಿದರು.

"ಅಂಗಡೀಲಿ ಜನ ಗುಂಡಿ ಎಣಿಸ್ತಾರಮ್ಮ. ಪಕ್ಕದ ಮೆಷಿನ್ನಲ್ಲಿ ಇಪ್ಪತ್ತು ಇದ್ದು ನಮ್ಮದರಲ್ಲಿ ಮೂರಿದ್ರೆ ಯಾರು ತಗೋತಾರೆ? ನಿಮ್ಮಕ್ಕನೊಬ್ಬಳನ್ನ ನೋಡಿ ಕಾರ್ಖಾನೆ ನಡೆಸೋಕಾಗತ್ತಾ?"

"ನಿಮ್ಮನೇಲಿ ಬಟ್ಟೆ ಯಾರು ಹಾಕ್ತಾರೆ ಸರ್?"

"ನಮ್ಮ ತಮ್ಮ."

"ಅವರು ಎಷ್ಟು ಗುಂಡಿ ಒತ್ತುತ್ತಾರೆ ಅಂತ ಕೇಳ್ತೀರಾ?"

ಅವರು ನಗುತ್ತಲೇ ಫೋನ್ ಮಾಡಿದರು. ಆ ಕಡೆಯ ದನಿ ಮೇಜಿನ ಈ ಕಡೆಗೂ ಕೇಳಿಸಿತು. "ಒಂದೇ ಕಣೋ. ಅದು ಕೇಳಲಿಲ್ಲ ಅಂದ್ರೆ ಮೇಲಿಂದ ಒಂದು ಗುದ್ದು ಹಾಕ್ತೀನಿ."

ಅಷ್ಟಕ್ಕೆಲ್ಲ ಕಾರ್ಖಾನೆ ತಲೆಕೆಳಗಾಗಲಿಲ್ಲ. ದೊಡ್ಡ ಮೆಷಿನ್ನುಗಳಿಗೆ ಗುಂಡಿಗಳು ಬರುತ್ತಲೇ ಇದ್ದವು, ಅವನ್ನು ಕೂರಿಸುವವಳೂ ಇವಳೇ. ಆದರೆ ಹಾಸ್ಟೆಲ್ಲುಗಳಿಗೆ, ಸಣ್ಣ ಮನೆಗಳಿಗೆ ಎಂದು ಒಂದು ಮೂರು ಗುಂಡಿಯದಕ್ಕೆ ಒಪ್ಪಿಗೆ ಸಿಕ್ಕಿತು. ವರ್ಷದೊಳಗೆ ಅದು ಹೊರಬಂತು. ಹಾಡಿ ಹೊಗಳುವಷ್ಟೇನೂ ಮಾರಾಟವಾಗದಿದ್ದರೂ, ಕೊಂಡವರು ಯಾರೂ ದೂರು ಹೇಳಿಕೊಂಡು ಫೋನ್ ಮಾಡಲಿಲ್ಲ. ಒಂದನ್ನು ಕಳಿಸುತ್ತೇನೆ ಎಂದರೆ ಅಕ್ಕ ಸುತರಾಂ ಒಪ್ಪಲಿಲ್ಲ. "ನೀನು ಮೊದಲು ಮಾಡಿದ್ದು ನನ್ನ ಹತ್ರ ಇದೆ. ಕೊಡಲ್ಲ," ಎಂದುಬಿಟ್ಟಳು.

ಈಗ ಅಕ್ಕ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಮೊನ್ನೆ ತಂಗಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ಫೋನ್ ಮಾಡಿದ್ದಳು.

"ಪುಟ್ಟಿ, ನಮ್ಮ ವಾರ್ಡಿಗೆ ಹೊಸ ಮಂಚ ಬಂದಿದೆ ಕಣೇ. ಹನ್ನೊಂದು ಗುಂಡಿ! ಬೆಳಿಗ್ಗೆ ಒಬ್ಬ ಅಜ್ಜನ ತಲೆ ಎತ್ತೋಕೆ ಹೋಗಿ ಕಾಲೆತ್ತಿಬಿಟ್ಟೆ. ಪಾಪ, ಅವರು ಏನೂ ಅನ್ನಲಿಲ್ಲ."

"ಯಾರು ಮಾಡಿದ್ದಂತೆ ಅಕ್ಕಾ ಅದನ್ನ?"

"ಯಾರೋ ಏನೋ. ಅವರಿಗೆ ಅಕ್ಕ ಇಲ್ಲ ಅಂತ ಕಾಣತ್ತೆ."

ತಂಗಿ ನಕ್ಕ ರಭಸಕ್ಕೆ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.