ಕೊನೆಯ ಹಾಡಿಗೆ ನಾಲ್ಕು

ಗಂಡನ ಅಂತ್ಯಕ್ರಿಯೆ ಮುಗಿದ ಆರನೆಯ ದಿನ ಗುರುವಾರ, ನಲ್ಲಿಯಲ್ಲಿ ನೀರು ಬರುವ ದಿನ. ಎದ್ದು ಎರಡು ಬಕೆಟ್, ಒಂದು ಡ್ರಮ್ ತುಂಬಿಸಿದೆ. ಹಿಂದಿನ ಸಂಜೆ ಕೊನೆಯ ನೆಂಟರೂ ಹೊರಟುಹೋಗಿದ್ದರು. ಅಳಬೇಡ ಎನ್ನುವವರೂ ಇರಲಿಲ್ಲ, ಅತ್ತುಬಿಡು ಎನ್ನುವವರೂ ಇರಲಿಲ್ಲ. ನಾನು ಅತ್ತಿರಲಿಲ್ಲ. ಡ್ರಮ್ ತುಂಬಿತು, ನಲ್ಲಿ ನಿಲ್ಲಿಸಿದೆ.

ಏಳಕ್ಕೆ ಭಾವನ ಫೋನ್ ಬಂತು. ಗಂಡನ ಅಣ್ಣ. ಆಸ್ಪತ್ರೆಯಿಂದ ಹಿಡಿದು ಎಲ್ಲವನ್ನೂ ಅವರೇ ನಿಂತು ನೋಡಿಕೊಂಡಿದ್ದರು.

"ಭಾನುವಾರ ಹತ್ತಕ್ಕೆ ವ್ಯಾನ್ ತರ್ತೀನಮ್ಮ. ನೀನೇನೂ ಕಟ್ಟೋದು ಬೇಡ, ಇಬ್ಬರು ಆಳು ಬರ್ತಾರೆ. ಓನರ್‌ಗೂ ಹೇಳಿಬಿಟ್ಟಿದ್ದೀನಿ, ಈ ತಿಂಗಳಿಗೆ ಮನೆ ಖಾಲಿ ಅಂತ."

"ಹೂಂ ಭಾವ."

"ನಮ್ಮನೇಲಿ ಹಿಂದಿನ ರೂಮು ನಿಂಗೇ. ಇಸ್ತ್ರಿ ಟೇಬಲ್ ಒಂದು ಅಲ್ಲೇ ಇರತ್ತೆ, ಅಡ್ಡ ಬರಲ್ಲ."

"ಹೂಂ ಭಾವ."

"ನಿನ್ನ ಆಫೀಸು ಅಲ್ಲಿಂದ ದೂರ ಆಗತ್ತೆ. ಕೆಲಸದ ವಿಷಯ ಆಮೇಲೆ ನೋಡೋಣ. ಈಗೇನು ಅವಸರ?"

ಆರು ದಿನದಿಂದ ಎಲ್ಲದಕ್ಕೂ ಹೂಂ ಎಂದಿದ್ದೆ. ಹೂಂ ಎನ್ನಲು ಬಾಯಿ ತೆರೆಯಬೇಕಾಗಿಲ್ಲ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಊರಿನ ಲಿಫ್ಟ್‌ಗಳನ್ನು ರಿಪೇರಿ ಮಾಡಿ, ಲಿಫ್ಟೇ ಇಲ್ಲದ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದ. ಅವನಿಗಿಂತ ಮೊದಲು ಅವನ ಗುನುಗು ಬರುತ್ತಿತ್ತು. ಏನು ಹಾಡು ಎಂದು ತಿಳಿಯುವ ಹಾಗಿರಲಿಲ್ಲ. ರಾಗಕ್ಕೂ ಅವನಿಗೂ ಮಾತುಕತೆಯೇ ಇರಲಿಲ್ಲ. ಬಾಗಿಲ ಮುಂದೆ ಗುನುಗು ನಿಲ್ಲುತ್ತಿತ್ತು, ಆಮೇಲೆ ಬೆಲ್. ಒಂದು ಬೆಳಿಗ್ಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಬೂಟಿನ ಲೇಸು ಕಟ್ಟುತ್ತ ಕೂತವನು ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಮೂವತ್ತೆರಡು ವಯಸ್ಸು.

ಕಂಪನಿಯ ಸ್ಟೋರಿನವರು ಅವನ ಟೂಲ್ ಬ್ಯಾಗ್ ಒಯ್ಯಲು ಎಂಟಕ್ಕೆ ಬರುವವರಿದ್ದರು. ಊಟದ ಡಬ್ಬಿ ಏನಾದರೂ ಉಳಿದಿದೆಯೇ ಎಂದು ಬ್ಯಾಗಿನ ಪಕ್ಕದ ಜೇಬು ತೆರೆದೆ. ಅಂಗೈಯಗಲದ ಒಂದು ಹಳೆಯ ಟೇಪ್ ಪ್ಲೇಯರ್ ಸಿಕ್ಕಿತು, ಕಿವಿಗೆ ಹಾಕುವ ವೈರು, ಒಂದು ಕ್ಯಾಸೆಟ್. ಪ್ಲೇಯರಿನ ಬೆನ್ನಿಗೆ ಪ್ಲಾಸ್ಟರ್ ಅಂಟಿಸಿ ಬೇರೆ ಯಾರದೋ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ನಂದು. ಕೇಳಾದ್ಮೇಲೆ ವಾಪಸ್ ಕೊಡು. ಗ್ರೀಸ್.' ಗ್ರೀಸ್ ಎಂದರೆ ಅವನ ಜೊತೆಗಾರ, ಹಿರಿಯ ಮೆಕ್ಯಾನಿಕ್. ಎಲ್ಲರಿಗೂ ಗ್ರೀಸಣ್ಣ.

ಕ್ಯಾಸೆಟ್ ಡಬ್ಬಿಯಲ್ಲಿ ಮಡಿಸಿಟ್ಟ ಒಂದು ಚೀಟಿ. ಇದು ನನ್ನ ಗಂಡನ ಅಕ್ಷರ. ಮೇಲೆ 'ಕಂಟ್ರಿ' ಎಂದು ಬರೆದು, ಕೆಳಗೆ ಒಂಬತ್ತು ಹಾಡುಗಳ ಪಟ್ಟಿ. ಒಂದೊಂದರ ಮುಂದೆಯೂ ಒಂದು ಸಂಖ್ಯೆ. ಒಂಬತ್ತು, ಹನ್ನೊಂದು, ಏಳು, ಹೀಗೆ. ಕೊನೆಯ ಹಾಡಿನ ಮುಂದೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ ನಾಲ್ಕು.

ಹಾಡುಗಳಿಗೆ ಮಾರ್ಕ್ಸ್ ಕೊಟ್ಟಿದ್ದಾನೆ ಅಂದುಕೊಂಡೆ.

ಬ್ಯಾಗ್ ಒಯ್ಯುವವರು ಬಂದರು. ಪ್ಲೇಯರನ್ನು ಇಟ್ಟುಕೊಂಡೆ. ಆಫೀಸಿನ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡೆ. ಸಂಗೀತ ಕೇಳುವ ಮನಸ್ಸೇನೂ ಇರಲಿಲ್ಲ. ಕಿವಿಯಲ್ಲಿ ವೈರಿದ್ದರೆ ಯಾರೂ ಮಾತಾಡಿಸುವುದಿಲ್ಲ, ಅಷ್ಟೇ.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಅಮೆರಿಕದ ಹಳ್ಳಿಗರ ಈ ಕಂಟ್ರಿ ಸಂಗೀತವೆಂದರೆ ನಮಗೆ ನಗು. ದೊಡ್ಡ ಟೋಪಿ ಹಾಕಿಕೊಂಡು ಮೂಗಿನಲ್ಲಿ ಅಳುವವರು ಎನ್ನುತ್ತಿದ್ದೆವು. ಒಂದನ್ನೂ ಪೂರ್ತಿ ಕೇಳಿರಲಿಲ್ಲ. ಈಗ ಮೊದಲ ಹಾಡಿನಲ್ಲಿ ಲಾರಿ ಡ್ರೈವರ್ ಒಬ್ಬ ಬಂದ. ಹೊರಟದ್ದು ಎಷ್ಟು ಹೊತ್ತಿಗೆ, ಲಾರಿಯಲ್ಲಿ ಏನು ತುಂಬಿತ್ತು, ಯಾವ ತಿರುವಿನಲ್ಲಿ ಮಗಳ ನೆನಪಾಯಿತು ಎಂದು ಸಾವಧಾನವಾಗಿ ಹೇಳಿದ. ಎರಡನೆಯದರಲ್ಲಿ ಅಣ್ಣತಮ್ಮಂದಿರು ಸತ್ತ ಅಪ್ಪನ ಗರಗಸಕ್ಕಾಗಿ ಜಗಳವಾಡಿದರು. ಅಲ್ಲಿ ಎಲ್ಲರಿಗೂ ಒಂದು ಕಸುಬಿತ್ತು. ಯಾರೂ ವಿಧಿ ಎನ್ನಲಿಲ್ಲ. ನಮ್ಮ ಮನೆಗೆ ಬಂದವರೆಲ್ಲ ವಿಧಿ ಎಂದಿದ್ದರು. ಬೂಟಿನ ವಿಷಯ ಯಾರೂ ಎತ್ತಿರಲಿಲ್ಲ.

ನನ್ನದು ಅಂಕಿಅಂಶದ ಕಚೇರಿ. ಮನೆಮನೆ ಸಮೀಕ್ಷೆಯ ಫಾರಂಗಳಿಗೆ ಕೋಡ್ ಹಾಕುವುದು ಕೆಲಸ. ಮನೆಯ ಮುಖ್ಯಸ್ಥನಿಗೆ ಒಂದು. ಹೆಂಡತಿಗೆ ಎರಡು. ಮಗನಿಗೆ ಮೂರು. ಮಗ, ಸೊಸೆ, ಅಪ್ಪ, ಅಮ್ಮ ಯಾವುದೂ ಆಗದೆ ಸುಮ್ಮನೆ ಜೊತೆಗಿರುವವರಿಗೆ ಒಂಬತ್ತು, 'ಇತರ ಸಂಬಂಧಿ'. ಆರು ವರ್ಷದಲ್ಲಿ ಸಾವಿರಾರು ಒಂಬತ್ತು ಬರೆದಿದ್ದೇನೆ. ಅವರ ಕಸುಬಿನ ಕಾಲಂ ಹೆಚ್ಚಾಗಿ ಖಾಲಿ ಬಂದಿರುತ್ತದೆ. ಖಾಲಿ ಬಂದರೆ ಗೆರೆ ಎಳೆಯಬೇಕು.

ಅಂದು ಮಧ್ಯಾಹ್ನ ಮೊದಲ ಫಾರಂನಲ್ಲೇ ಒಬ್ಬಳು ಬಂದಳು. ಮುಖ್ಯಸ್ಥನ ತಮ್ಮನ ಹೆಂಡತಿ, ವಯಸ್ಸು ಇಪ್ಪತ್ತೊಂಬತ್ತು, ಪದವೀಧರೆ. ಒಂಬತ್ತು ಬರೆದೆ. ಗೆರೆ ಎಳೆಯಲು ಕೈ ಏಳಲಿಲ್ಲ. ನನಗೂ ಇಪ್ಪತ್ತೊಂಬತ್ತು.

ಸಂಜೆಯ ಬಸ್ಸಿನಲ್ಲಿ ಕೊನೆಯ ಹಾಡು ಬಂತು. ಒಬ್ಬ ಹೆಂಗಸಿನ ದನಿ, ಹಿಂದೆ ಒಂದೇ ಗಿಟಾರ್. ಮನೆಯಲ್ಲಿ ಒಬ್ಬಳೇ ಉಳಿದವಳು. ಬಂಧುಗಳು ಕರೆಯುತ್ತಾರೆ, ಅವಳು ಕಿಟಕಿಗೆ ಹೊಸ ಕೊಂಡಿ ಹಾಕುತ್ತಾಳೆ. ತಟ್ಟೆ ತೊಳೆಯುತ್ತಾಳೆ, ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾಳೆ. ಇಡೀ ಹಾಡು ಇಷ್ಟೇ. ಅವಳನ್ನು ಯಾರೂ ಮತ್ತೆ ಪ್ರೀತಿಸಲು ಬರುವುದಿಲ್ಲ. ಅವಳೂ ಸಾಯುವುದಿಲ್ಲ. ನನ್ನ ಫಾರಂಗಳಲ್ಲಿ ಒಂಬತ್ತಾಗಬೇಕಿದ್ದವಳಿಗೆ ಒಂದು ಪೂರ್ತಿ ಹಾಡು.

ಚೀಟಿ ತೆಗೆದು ನೋಡಿದೆ. ಗರಗಸದ ಜಗಳಕ್ಕೆ ಹನ್ನೊಂದು, ಇವಳಿಗೆ ನಾಲ್ಕು.

"ನಾಲ್ಕಾ? ಇವಳಿಗೆ ನಾಲ್ಕಾ? ನಿನ್ನ ತಲೆ!"

ಜೋರಾಗಿಯೇ ಹೇಳಿಬಿಟ್ಟಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ತಿರುಗಿದಳು. "ಏನಮ್ಮಾ?"

"ಏನಿಲ್ಲ. ನಮ್ಮ ಯಜಮಾನ್ರ ಜೊತೆ ಜಗಳ."

"ಆಡು ಆಡು. ಒಮ್ಮೆ ಬಿಟ್ಟುಕೊಟ್ರೆ ತಲೆ ಮೇಲೆ ಕೂರ್ತಾರೆ," ಎಂದು ಹೇಳಿ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಆರು ದಿನದಲ್ಲಿ ಮೊದಲ ಸಲ ನನಗೆ ಏನೋ ಆಗಿತ್ತು. ಅದು ಸಿಟ್ಟು. ಶುಕ್ರವಾರವೂ ಅವನೊಡನೆ ಜಗಳವಾಡಿದೆ. ಶನಿವಾರ ಓನರ್ ಮನೆಗೆ ಹೋಗಿ, ಖಾಲಿ ಮಾಡುವುದಿಲ್ಲ, ಬಾಡಿಗೆ ಕರಾರು ನನ್ನ ಹೆಸರಿಗೆ ಮಾಡಿ ಎಂದೆ. ಸಂಬಳದ ಚೀಟಿ ತೋರಿಸಿದೆ. ಅವರು ಕನ್ನಡಕ ಹುಡುಕಿ, ಓದಿ, "ಮೊಳೆ ಹೊಡೆಯೋ ಹಾಗಿಲ್ಲ, ಅದು ಹಳೇ ಷರತ್ತು," ಎಂದರು.

ಓನರನ್ನು ಒಪ್ಪಿಸುವುದು ಸುಲಭ. ಭಾವ ಉಳಿದಿದ್ದರು.

ಭಾನುವಾರ ಹತ್ತಕ್ಕೆ ಸರಿಯಾಗಿ ಏದುಸಿರು ಬಿಡುತ್ತ ಬಂದರು. ಹಿಂದೆ ಹಗ್ಗ ಹಿಡಿದ ಇಬ್ಬರು.

ಆ ಹಾಡಿನವಳು ಹೇಗೆ ಹೇಳುತ್ತಿದ್ದಳೋ ಹಾಗೆ ಹೇಳಬೇಕೆಂದು ರೂಢಿ ಮಾಡಿಕೊಂಡಿದ್ದೆ. ಚಿಕ್ಕ ವಾಕ್ಯ, ಕಾರಣ ಬೇಡ, ಕ್ಷಮೆ ಬೇಡ. "ಭಾವ, ನಾನು ಇಲ್ಲೇ ಇರ್ತೀನಿ. ಕೆಲಸಕ್ಕೆ ಹೋಗ್ತೀನಿ. ಓನರ್ ಒಪ್ಪಿದಾರೆ."

ಭಾವ ಆಳುಗಳ ಮುಖ ನೋಡಿದರು. "ದುಃಖದಲ್ಲಿ ಹಿಂಗೆಲ್ಲ ಅನ್ಸತ್ತಮ್ಮ."

"ಇರಬಹುದು. ಆದ್ರೂ ಇಲ್ಲೇ ಇರ್ತೀನಿ."

"ಜನ ಏನಂತಾರೆ? ತಮ್ಮನ ಹೆಂಡತೀನ ಬೀದೀಲಿ ಬಿಟ್ಟ ಅಂತಾರೆ."

"ಬೀದೀಲಲ್ಲ, ನಾಲ್ಕನೇ ಮಹಡೀಲಿ ಬಿಟ್ಟೆ ಅನ್ನಿ."

ಆಳುಗಳಲ್ಲಿ ಒಬ್ಬ ನಕ್ಕು, ಕೆಮ್ಮಿದಂತೆ ಮಾಡಿದ. ಭಾವ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದು ಕೂತರು. ಅದೇ ಸ್ಟೂಲು. ತಮ್ಮ ಬೂಟನ್ನೇ ನೋಡಿದರು.

"ವ್ಯಾನ್ ತರೋದು ಬಿಟ್ರೆ ನಂಗೆ ಇನ್ನೇನು ಮಾಡೋಕೆ ಬರತ್ತಮ್ಮ?" ಎಂದರು.

ನೀರು ತಂದುಕೊಟ್ಟೆ. ಅವರು ಕುಡಿಯುವವರೆಗೂ ಪಕ್ಕದಲ್ಲಿ ನಿಂತೆ.

"ವ್ಯಾನ್ ಬಂದಿದೆಯಲ್ಲ, ಮಂಚ ತಗೊಂಡು ಹೋಗಿ ಭಾವ. ಅಷ್ಟು ದೊಡ್ಡದು ನಂಗೆ ಬೇಡ. ನಾನೇ ಹೇಳಬೇಕು ಅಂತಿದ್ದೆ."

ಅವರ ಮುಖ ಸ್ವಲ್ಪ ಸಡಿಲವಾಯಿತು. ಮಂಚ ಬಿಚ್ಚುವುದು ಹೇಗೆಂದು ಆಳುಗಳಿಗೆ ಗದರುತ್ತ ಮೊದಲಿನ ಭಾವನೇ ಆದರು. ಹೊರಡುವಾಗ ಮೇಜಿನ ಮೇಲಿದ್ದ ಪ್ಲೇಯರಿನ ಪ್ಲಾಸ್ಟರ್ ಓದಿ, "ಇದನ್ನ ನಾನು ತಲುಪಿಸ್ತೀನಿ ಬಿಡು," ಎಂದರು.

"ಬೇಡ ಭಾವ. ಅದನ್ನ ನಾನೇ ಕೊಡ್ತೀನಿ."

ಸೋಮವಾರ ಆಫೀಸಿಗೆ ಮುಂಚೆ ಗ್ರೀಸಣ್ಣ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದೆ. ಹನ್ನೆರಡು ಮಹಡಿ. ಲಿಫ್ಟ್ ಬಂದ್. ಮೆಟ್ಟಿಲು ಹತ್ತಿ ತಾರಸಿಯ ಮೇಲಿನ ಮೋಟರ್ ರೂಮು ಸೇರಿದೆ. ಗ್ರೀಸಣ್ಣ ನನ್ನನ್ನು ನೋಡಿ ಎದ್ದರು, ಆದರೆ ಒಂದು ಕೈ ಕೆಂಪು ಗುಂಡಿಯ ಮೇಲೆಯೇ ಇತ್ತು. ಹಗ್ಗ ಇಳಿಯುವ ತೂತಿನಿಂದ ಒಬ್ಬರ ದನಿ ಬರುತ್ತಿತ್ತು: "ಎಂಬತ್ತೊಂದು, ಎಂಬತ್ತೆರಡು..."

"ಬಾ ತಾಯಿ. ಕೂರು ಅನ್ನೋಕೆ ಕುರ್ಚಿ ಇಲ್ಲ."

"ಕೆಳಗೆ ಯಾರು ಎಣಿಸ್ತಿರೋದು?"

"ನನ್ನ ಹೊಸ ಜೋಡಿ. ಐವತ್ತು ವಯಸ್ಸು, ಒಂದು ಹಾಡೂ ಬರಲ್ಲ, ಅದಕ್ಕೇ ಎಣಿಸ್ತಾನೆ." ಗ್ರೀಸಣ್ಣ ವಿವರಿಸಿದರು. ಒಬ್ಬ ಲಿಫ್ಟಿನ ಡಬ್ಬದ ನೆತ್ತಿಯ ಮೇಲೆ ನಿಂತು ಕಂಬಿಗೆ ಗ್ರೀಸ್ ಹಚ್ಚುತ್ತ ಇಳಿಯುತ್ತಾನೆ, ಇನ್ನೊಬ್ಬ ಮೇಲೆ ಮೋಟರಿನ ಬಳಿ ಇರುತ್ತಾನೆ. ಒಳಗೆ ಫೋನ್ ಸಿಗುವುದಿಲ್ಲ. ಹಾಗಾಗಿ ಕೆಳಗಿದ್ದವನು ಹಾಡುತ್ತಿರಬೇಕು. ದನಿ ನಿಂತರೆ ಮೇಲಿದ್ದವನು ಕರೆಂಟ್ ತೆಗೆಯಬೇಕು. "ಅದಕ್ಕೇ ನಿನ್ನ ಗಂಡನಿಗೆ ಆ ಕ್ಯಾಸೆಟ್ ಕೊಟ್ಟಿದ್ದೆ. ಕಂಟ್ರಿ ಹಾಡಂದ್ರೆ ಕತೆ, ಮಧ್ಯ ನಿಲ್ಲಿಸೋಕೆ ಮನಸ್ಸಾಗಲ್ಲ. ಆದ್ರೆ ಅವನ ರಾಗ ಕೇಳಿ ಎಷ್ಟೋ ಸಲ ಲಿಫ್ಟೇ ಹೆದರಿ ನಿಂತಿದೆ."

"ಎಂಬತ್ತೊಂಬತ್ತು..." ದನಿ ನಿಂತಿತು. ಗ್ರೀಸಣ್ಣನ ಕೈ ಗುಂಡಿ ಒತ್ತಿಯೇ ಬಿಟ್ಟಿತ್ತು.

"ಏನಾಯ್ತಯ್ಯಾ?"

"ಸೀನು ಬಂತು!"

"ಸೀನೋದಾದ್ರೂ ಜೋರಾಗಿ ಸೀನು ಮಾರಾಯ! ಜೀವ ಹೋಯ್ತು ನಂದು."

ನಾನು ಚೀಟಿ ತೋರಿಸಿದೆ. "ಈ ಮಾರ್ಕ್ಸ್..."

"ಮಾರ್ಕ್ಸ್ ಎಲ್ಲಿ ಬಂತು? ಮಹಡಿ ತಾಯಿ. ಯಾವ ಹಾಡು ಎಷ್ಟು ಮಹಡಿಗೆ ಸಾಕು ಅಂತ. ಈ ಗರಗಸದ್ದು ಹನ್ನೊಂದು ಮಹಡಿ ಬರತ್ತೆ." ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. "ಇದು ಗೊತ್ತಿಲ್ಲ. ಈ ಹಾಡು ಅವನು ಕೆಲಸದಲ್ಲಿ ಹಾಡ್ತಾನೇ ಇರ್ಲಿಲ್ಲ. ನಮ್ಮ ಕೈಲಿ ನಾಲ್ಕು ಮಹಡಿ ಕಟ್ಟಡಾನೂ ಇಲ್ಲ."

ನನಗೆ ಗೊತ್ತಿತ್ತು: ನಾಲ್ಕು ಮಹಡಿಯ ಮೆಟ್ಟಿಲು, ನಮ್ಮ ಬಾಗಿಲ ಮುಂದೆ ನಿಲ್ಲುವ ಗುನುಗು. ನಾಲ್ಕು ದಿನ ಅವನ ಜೊತೆ ಸುಮ್ಮನೆ ಜಗಳವಾಡಿದ್ದೆ.

ಪ್ಲೇಯರ್, ವೈರು, ಕ್ಯಾಸೆಟ್ ಮೂರನ್ನೂ ಅವರ ಮುಂದೆ ಹಿಡಿದೆ. ಗ್ರೀಸಣ್ಣ ಕೈ ಹಿಂದಕ್ಕೆ ತೆಗೆದುಕೊಂಡರು. "ನೀನೇ ಇಟ್ಕೋ. ನಂಗ್ಯಾಕೆ ಇನ್ನು."

"ಬೇಡ ಅಣ್ಣ. ಎರವಲು ತಂದದ್ದು. ಚೀಟಿ ಅವರದು, ಅದನ್ನ ಇಟ್ಕೋತೀನಿ."

ಆಮೇಲೆ ಗ್ರೀಸಣ್ಣ ಎಡಗೈ ಚಾಚಿದರು. ಬಲಗೈ ಗುಂಡಿಯ ಮೇಲಿತ್ತು. ಕೆಳಗಿನಿಂದ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಪ್ಲೇಯರನ್ನು ಆ ಎಡಗೈಯಲ್ಲಿಟ್ಟು, ಬೀಳದಂತೆ ಬೆರಳು ಮಡಿಸಿದೆ.